ತಳಕ್ಕಿಳಿದ ನೀಲಿ

ಛತ್ತರ್‌ಪಾಲನ ಹಾಲಿನಲ್ಲಿ ಸೋಪಿನ ಅಂಶವಿದೆ ಎಂದು ಬರೆದು ಸಹಿ ಹಾಕಿದವಳು ಹಂಸಾ. ಬರೆದ ದಿನ ಅದು ಛತ್ತರ್‌ಪಾಲನ ಹಾಲು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಳು ಕೆಲಸ ಮಾಡುತ್ತಿದ್ದ ನೊಯ್ಡಾದ ಖಾಸಗಿ ಪ್ರಯೋಗಾಲಯಕ್ಕೆ ಬರುವ ಸೀಸೆಗಳ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಯಾರ ಹಾಲು, ಯಾರ ಪನೀರು ಎಂಬುದು ಸೀಸೆ ಕಳಿಸಿದ ಇಲಾಖೆಯವರಿಗೆ ಗೊತ್ತು. ಪರೀಕ್ಷೆ ಮಾಡುವವರಿಗೆ ಗೊತ್ತಾಗಬಾರದು, ಅದೇ ನಿಯಮ. ಹೋಳಿ ಹಬ್ಬ ಹತ್ತಿರ ಬಂತೆಂದರೆ ಇಲಾಖೆಯವರು ಊರೆಲ್ಲ ಸುತ್ತಿ ಸೀಸೆಗಳನ್ನು ತಂದು ಸುರಿಯುತ್ತಾರೆ. ಆ ಮಾರ್ಚಿನ ಒಂದೇ ದಿನ ಅರವತ್ತಮೂರು ಸೀಸೆ ಹಾಲು ಅವಳ ಮೇಜಿಗೆ ಬಂದಿತ್ತು.

ಹಾಲಿನಲ್ಲಿ ಸೋಪು ಕಂಡುಹಿಡಿಯುವ ಪರೀಕ್ಷೆ ಬಲು ಸರಳ. ಒಂದು ಟ್ಯೂಬಿನಲ್ಲಿ ಹಾಲು, ಅದಕ್ಕೆ ಒಂದಿಷ್ಟು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ, ಒಂದಿಷ್ಟು ಕ್ಲೋರೋಫಾರ್ಮ್. ಚೆನ್ನಾಗಿ ಕುಲುಕಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ತೆಗೆದರೆ ಟ್ಯೂಬಿನಲ್ಲಿ ಎರಡು ಪದರ ನಿಲ್ಲುತ್ತದೆ. ಮೇಲೆ ಹಾಲು, ತಳದಲ್ಲಿ ಕ್ಲೋರೋಫಾರ್ಮ್. ಹಾಲು ಶುದ್ಧವಾಗಿದ್ದರೆ ನೀಲಿ ಹಾಲಿನಲ್ಲೇ ಉಳಿಯುತ್ತದೆ. ಸೋಪಿದ್ದರೆ ಅದು ಬಣ್ಣವನ್ನು ಕಟ್ಟಿಕೊಂಡು ತಳಕ್ಕಿಳಿಯುತ್ತದೆ. ಹಾಲನ್ನು ಕೃತಕವಾಗಿ ತಯಾರಿಸುವವರು ಎಣ್ಣೆ ಬೆರೆಯಲಿ, ನೊರೆ ಬರಲಿ ಎಂದು ಬಟ್ಟೆ ಒಗೆಯುವ ಪುಡಿ ಹಾಕುವುದು ಉಂಟು. ಅಂದು ಅರವತ್ತಮೂರರಲ್ಲಿ ಎರಡು ಟ್ಯೂಬುಗಳ ತಳ ಕಡುನೀಲಿಯಾಯಿತು. ಹಂಸಾ ಎರಡು ವರದಿ ಬರೆದಳು, ಎರಡಕ್ಕೂ ಸಹಿ ಹಾಕಿದಳು, ಆರು ಗಂಟೆಗೆ ಮೆಟ್ರೋ ಹತ್ತಿ ದ್ವಾರಕಾದ ಮನೆಗೆ ಹೋದಳು.

ಹದಿನೈದು ದಿನ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಗಂಡ ಮಹಂತೇಶ್ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದ. ಅವನು ಕೇಂದ್ರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಕಾಗದ ಪತ್ರ ಓದುವುದೇ ಅವನ ಕಸುಬು.

“ಹಂಸಾ, ಇಲ್ಲಿ ನೋಡು. ಇದು ನಿನ್ನ ಸೈನ್ ಅಲ್ವಾ?”

ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ನೋಟೀಸಿನ ಫೋಟೋ ಹಾಕಿದ್ದರು. ಕಕ್ರೋಲಾ ಡೇರಿಯ ಛತ್ತರ್‌ಪಾಲ್‌ನ ಪರವಾನಗಿ ಅಮಾನತು. ಜೊತೆಗೆ ಪ್ರಯೋಗಾಲಯದ ವರದಿ. ಕೆಳಗೆ ಅವಳದೇ ಸಹಿ, ಬಾಲ ಎಳೆದ ‘ಹ’.

ಛತ್ತರ್‌ಪಾಲ್ ಅಂದರೆ ಅವರ ಮನೆಯ ಹಾಲಿನವನೇ. ಒಂಬತ್ತು ವರ್ಷದಿಂದ ಸೊಸೈಟಿಯ ನಲವತ್ತು ಮನೆಗೆ ಅವನ ಹಾಲು ಬರುತ್ತಿತ್ತು. ಅವನು ಎಮ್ಮೆ ಕರೆಯುತ್ತಿದ್ದ. ಅವನ ತಮ್ಮ ಬಿಜೇಂದರ್ ಕ್ಯಾನು ತೊಳೆದು, ತುಂಬಿ, ಮೋಟರ್‌ಸೈಕಲ್ಲಿನ ಎರಡೂ ಬದಿಗೆ ತೂಗುಹಾಕಿಕೊಂಡು ಬಂದು ಅಳೆದು ಕೊಡುತ್ತಿದ್ದ. ಮಗಳು ಪ್ರಕೃತಿ ಅದೇ ಹಾಲು ಕುಡಿದು ಹತ್ತನೇ ತರಗತಿಗೆ ಬಂದಿದ್ದಳು.

“ಮಮ್ಮಾ, ಆಪ್‌ನೆ ಪಕಡಾ ಉಸ್ಕೋ? ಹಿಡಿದದ್ದು ನೀನೇನಾ?” ಪ್ರಕೃತಿ ಕಣ್ಣರಳಿಸಿದಳು. “ನಾವು ಇಷ್ಟ್ ದಿನ ಸರ್ಫ್ ಕುಡೀತಿದ್ವಾ? ಛೀ!”

ಹಂಸಾಳಿಗೆ ಮೊದಲು ಅಸಹ್ಯವಾಯಿತು. ಆಮೇಲೆ, ಸುಳ್ಳೇಕೆ, ಒಂದು ಬಗೆಯ ಹೆಮ್ಮೆಯೂ ಆಯಿತು. ಹದಿನೇಳು ವರ್ಷ ಟ್ಯೂಬು ಹಿಡಿದು ನಿಂತವಳ ಕೆಲಸ ಏನೆಂದು ಆ ಸೊಸೈಟಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಎಲ್ಲರಿಗೂ ಗೊತ್ತಾಯಿತು. ಕಾರ್ಯದರ್ಶಿಯವರು ಕ್ಲಬ್‌ಹೌಸಿನಲ್ಲಿ ಒಂದು ಸಭೆ ಸೇರಿಸಿ ಅವಳ ಕೈಗೊಂದು ಹೂಕುಂಡ ಕೊಟ್ಟರು. ಕನ್ನಡ ಬಳಗದ ಲೀಲಮ್ಮ, “ನಮ್ಮ ಚಿತ್ರದುರ್ಗದ ಹುಡುಗಿ ನಲವತ್ತು ಮನೆ ಮಕ್ಕಳನ್ನ ಉಳಿಸಿದಳು ನೋಡಿ” ಎಂದು ಎಲ್ಲರಿಗೂ ಹೇಳಿಕೊಂಡು ಬಂದರು. ಹಂಸಾ ಒಂದು ಲೋಟದಲ್ಲಿ ಹಾಲು ತಂದು, ಮನೆಯಲ್ಲೇ ಸೋಪು ಪತ್ತೆಹಚ್ಚುವುದು ಹೇಗೆ ಎಂದು ಹತ್ತು ನಿಮಿಷ ಮಾತಾಡಿದಳು. ಚಪ್ಪಾಳೆ ಬಿತ್ತು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಗೇಟಿನ ಹೊರಗೆ ಛತ್ತರ್‌ಪಾಲ್ ನಿಂತಿದ್ದ. ಕಾವಲಿನವರು ಒಳಗೆ ಬಿಟ್ಟಿರಲಿಲ್ಲ. ಐವತ್ತೈದರ ಆಸುಪಾಸಿನ, ಎತ್ತರದ, ಬಿಳಿ ಮೀಸೆಯ ಮನುಷ್ಯ. ವರದಿಯ ಕೆಳಗಿನ ಸಹಿ ಯಾರದೆಂದು ಅವನಿಗೆ ತಿಳಿದಿರಲಿಲ್ಲ. ಇಂಗ್ಲಿಷ್ ಅವನಿಗೆ ಬಾರದು. ಈ ಹೆಂಗಸು ಎಲ್ಲೋ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ ಎಂಬುದಷ್ಟೇ ಗೊತ್ತು. ಅವಳನ್ನು ಕಂಡವನೇ ಹತ್ತಿರ ಬಂದ.

“ಬೆಹೆನ್‌ಜೀ, ಒಂದೇ ಮಾತು,” ಎಂದ ಹಿಂದಿಯಲ್ಲಿ. “ನೀವು ಓದಿದವರು. ನಾನು ಹಾಲಿಗೆ ನೀರು ಹಾಕಿದ್ದೇನೆ. ಬೇಸಿಗೆಯಲ್ಲಿ ಎಮ್ಮೆ ಬತ್ತಿದಾಗ ಹಾಕಿದ್ದೇನೆ, ಸುಳ್ಳು ಹೇಳಲ್ಲ. ಸೋಪು ಹಾಕಿಲ್ಲ, ನನ್ನ ತಾಯಾಣೆ. ಲ್ಯಾಬಿನಲ್ಲಿ ತಪ್ಪಾಗುವುದು ಉಂಟೇ?”

“ಇಲ್ಲ ಭಯ್ಯಾ,” ಎಂದಳು ಹಂಸಾ. “ಈ ಟೆಸ್ಟಿನಲ್ಲಿ ತಪ್ಪಾಗಲ್ಲ. ಸೋಪು ಇದ್ದರೆ ಮಾತ್ರ ಬಣ್ಣ ಕೆಳಗಿಳಿಯುತ್ತೆ.”

ಅವನು ರಸ್ತೆಯ ಕಡೆ ತಿರುಗಿದ. “ಹಾಗಾದರೆ ಯಾರೋ ಹಾಕಿದ್ದಾರೆ.”

“ಯಾರೋ ಹಾಕಿರಲೇಬೇಕು. ಮನೆಯಲ್ಲಿ ಕ್ಯಾನು ತುಂಬುವವರು ಯಾರೋ ಅವರನ್ನ ವಿಚಾರಿಸಿ.”

ವರದಿ ಒಪ್ಪಿಗೆಯಾಗದಿದ್ದರೆ ಮೂವತ್ತು ದಿನದೊಳಗೆ ಅಪೀಲು ಹೋಗಬಹುದು, ಎತ್ತಿಟ್ಟ ಇನ್ನೊಂದು ಸೀಸೆಯನ್ನು ದೊಡ್ಡ ಲ್ಯಾಬಿಗೆ ಕಳಿಸುತ್ತಾರೆ ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೂ ಬಂದಿತ್ತು. ಕಳ್ಳನಿಗೆ ನಾನೇಕೆ ದಾರಿ ತೋರಿಸಲಿ ಎಂದು ನುಂಗಿಕೊಂಡಳು. ಮೆಟ್ರೋಗೆ ಹೊತ್ತಾಗುತ್ತಿತ್ತು.

ಏಪ್ರಿಲ್ ಹೋಯಿತು, ಮೇ ಹೋಯಿತು. ಸೊಸೈಟಿಯವರೆಲ್ಲ ಪ್ಯಾಕೆಟ್ ಹಾಲಿಗೆ ಬದಲಾಯಿಸಿಕೊಂಡರು. ಜೂನ್ ಮೊದಲ ವಾರ, ಹೊರಗೆ ನೆಲ ಕಾದ ಹೆಂಚಾಗಿದ್ದ ಒಂದು ಮಧ್ಯಾಹ್ನ, ಪ್ರಯೋಗಾಲಯದ ಮುಖ್ಯಸ್ಥರಾದ ಸೂರ್ಯನಾರಾಯಣ ಅವಳನ್ನು ಒಳಗೆ ಕರೆದರು. ಮೈಸೂರಿನವರು, ವಯಸ್ಸು ಅರವತ್ತೆರಡು. ಹಂಸಾಳನ್ನು ಕೆಲಸಕ್ಕೆ ತೆಗೆದುಕೊಂಡವರೂ, ಕೆಲಸ ಕಲಿಸಿದವರೂ ಅವರೇ. ಬಾಗಿಲು ಹಾಕಿಕೊಂಡರೆ ಇಬ್ಬರೂ ಕನ್ನಡದಲ್ಲೇ ಮಾತಾಡುವುದು.

“ಹೋಳಿ ಟೈಮಲ್ಲಿ ಎರಡು ಪಾಸಿಟಿವ್ ಕೊಟ್ಟಿದ್ದೆಯಲ್ಲಮ್ಮ, ನೆನಪಿದೆಯಾ? ಅದರಲ್ಲಿ ಒಂದು ಪ್ಯಾಕೆಟ್ ಹಾಲಿನ ಕಂಪನಿಯದಂತೆ. ಅವರು ವಕೀಲರನ್ನ ಇಟ್ಟುಕೊಂಡು ಅಪೀಲು ಹೋಗಿದ್ದರು. ದೊಡ್ಡ ಲ್ಯಾಬಿನವರು ಸೋಪಿಲ್ಲ ಅಂದಿದ್ದಾರೆ. ನಮ್ಮಿಂದ ವಿವರಣೆ ಕೇಳಿದ್ದಾರೆ. ಸ್ವಲ್ಪ ನೋಡಿ ಒಂದು ಪುಟ ಬರೆದುಕೊಡು.”

ಹಂಸಾ ಆ ಹೊತ್ತಿಗೆ ಗಾಬರಿಯಾಗಲಿಲ್ಲ. ದೊಡ್ಡ ಲ್ಯಾಬಿನವರೇ ತಪ್ಪು ಮಾಡಿರಬಹುದು ಎಂದುಕೊಂಡಳು. ಆದರೂ ವಿವರಣೆ ಬರೆಯುವ ಮುಂಚೆ ಬಣ್ಣ ಕೆಟ್ಟಿದೆಯೇ ಎಂದು ನೋಡಿಬಿಡೋಣವೆಂದು ಮೆಥಿಲೀನ್ ಬ್ಲೂವಿನ ಸೀಸೆ ತೆಗೆದಳು. ಶೆಲ್ಫಿನಿಂದ ತೊಳೆದಿಟ್ಟ ಒಂದು ಟ್ಯೂಬು ತೆಗೆದು, ಶುದ್ಧ ನೀರು ಹಾಕಿ, ಒಂದೇ ಒಂದು ಹನಿ ನೀಲಿ ಬೆರೆಸಿ, ಸ್ಪೆಕ್ಟ್ರೋಮೀಟರಿನಲ್ಲಿಟ್ಟಳು. ಯಾವ ಬಣ್ಣದ ಬೆಳಕನ್ನು ದ್ರಾವಣ ಎಷ್ಟು ಹೀರಿಕೊಳ್ಳುತ್ತದೆ ಎಂದು ಆ ಯಂತ್ರ ಗೆರೆ ಎಳೆದು ತೋರಿಸುತ್ತದೆ. ತೆಳು ನೀಲಿಗೆ ಬರಬೇಕಾದ ಗೆರೆ ಅವಳಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು: ಬಲಕ್ಕೆ ಒಂದು ಎತ್ತರದ ಶಿಖರ, ಅದರ ಎಡಮಗ್ಗುಲಿಗೆ ಒಂದು ಸಣ್ಣ ದಿಣ್ಣೆ.

ಪರದೆಯ ಮೇಲೆ ಬಂದದ್ದು ಬೇರೆಯೇ. ಶಿಖರ ಕುಸಿದಿತ್ತು. ಎಡಗಡೆಯ ದಿಣ್ಣೆ ಅದರ ಮೇಲಕ್ಕೆ ಎದ್ದು ನಿಂತಿತ್ತು.

ಅವಳು ಅದನ್ನು ನೋಡಿದ್ದು ಮೊದಲ ಸಲವಲ್ಲ. ಎಂ.ಎಸ್ಸಿ. ಓದುವಾಗ ಅವಳ ಪ್ರಾಜೆಕ್ಟೇ ಅದಾಗಿತ್ತು. ಬರಿಯ ನೀರಿನಲ್ಲಿ ಆ ಬಣ್ಣದ ಕಣಗಳು ಒಂದರಿಂದ ಒಂದು ದೂರವಾಗಿ ಓಡಾಡಿಕೊಂಡಿರುತ್ತವೆ. ಅಲ್ಲಿಗೆ ಸ್ವಲ್ಪವೇ ಸ್ವಲ್ಪ ಸೋಪು ಬಂದರೆ ಸಾಕು, ಸೋಪಿನ ಕಣಗಳಿಗೆ ಅಂಟಿಕೊಂಡು ಬಣ್ಣದ ಕಣಗಳೂ ಒಂದರ ಬೆನ್ನಿಗೆ ಒಂದು ಗುಂಪುಗಟ್ಟುತ್ತವೆ. ಗುಂಪುಗಟ್ಟಿದ ಬಣ್ಣ ಹೀರುವ ಬೆಳಕೇ ಬೇರೆ, ಆದ್ದರಿಂದ ಗೆರೆ ಎಡಕ್ಕೆ ಸರಿಯುತ್ತದೆ. ಸೋಪು ಇನ್ನೂ ಹೆಚ್ಚಾದರೆ ಸೋಪಿನ ಕಣಗಳೇ ಚೆಂಡಿನಂತೆ ಮುದ್ದೆಗಟ್ಟಿ, ಒಂದೊಂದು ಚೆಂಡಿನೊಳಗೆ ಒಂದೊಂದು ಬಣ್ಣದ ಕಣ ಸೇರಿಕೊಂಡು, ಗೆರೆ ಮತ್ತೆ ಹಳೆಯ ಜಾಗಕ್ಕೆ ಬರುತ್ತದೆ. ಅಂದರೆ ಈ ಗೆರೆಯ ಅರ್ಥ ಒಂದೇ. ಟ್ಯೂಬಿನೊಳಗೆ ಸೋಪಿದೆ, ಸ್ವಲ್ಪವೇ ಇದೆ. ಹಾಲಿಲ್ಲದ ಟ್ಯೂಬಿನಲ್ಲಿ.

ಅದೇ ಟ್ಯೂಬನ್ನು ಆಸಿಡ್ಡಿನಲ್ಲಿ ನೆನೆಸಿ, ಹತ್ತು ಸಲ ನೀರಿನಲ್ಲಿ ಜಾಲಿಸಿ, ಮತ್ತೆ ಒಂದು ಹನಿ ಬಣ್ಣ ಹಾಕಿ ನೋಡಿದಳು. ಶಿಖರ ತನ್ನ ಜಾಗದಲ್ಲಿ ನೆಟ್ಟಗೆ ನಿಂತಿತ್ತು. ಶೆಲ್ಫಿನ ಇಪ್ಪತ್ತು ಟ್ಯೂಬು ತೆಗೆದಳು. ನಾಲ್ಕರಲ್ಲಿ ಗೆರೆ ಎಡಕ್ಕೆ ಸರಿಯಿತು. ಆ ನಾಲ್ಕಕ್ಕೂ ನೀರು, ಬಣ್ಣ, ಕ್ಲೋರೋಫಾರ್ಮ್ ಹಾಕಿ ಕುಲುಕಿ ತಿರುಗಿಸಿದಳು. ನಾಲ್ಕರ ತಳವೂ ನೀಲಿಯಾಯಿತು.

ಗಾಜಿನ ಸಾಮಾನು ತೊಳೆಯುವ ಹೆಂಗಸನ್ನು ಕೇಳಿದಳು. ಹಳೆಯ ಲಿಕ್ವಿಡ್ ನಿಂತುಹೋಗಿ ಬಹಳ ದಿನವಾಯಿತು, ಈಗ ದೊಡ್ಡ ಕ್ಯಾನಿನಲ್ಲಿ ಹೊಸದು ಬರುತ್ತದೆ, ಅದು ಗಟ್ಟಿ, ಎಷ್ಟು ತೊಳೆದರೂ ಜಾರುತ್ತದೆ ಎಂದಳು ಅವಳು. ಸ್ಟೋರಿನ ಪುಸ್ತಕ ನೋಡಿದರೆ ಹೊಸ ಕ್ಯಾನು ಬಂದದ್ದು ಫೆಬ್ರವರಿ ಕೊನೆಗೆ.

ಇಂಥ ಅನಾಹುತ ಆಗಬಾರದೆಂದೇ ಒಂದು ಕಟ್ಟಳೆಯಿದೆ. ಪ್ರತಿ ದಿನ ಹಾಲಿನ ಜೊತೆಗೆ ಬರೀ ನೀರಿಟ್ಟು ಅದೇ ಶೆಲ್ಫಿನ ಟ್ಯೂಬುಗಳಲ್ಲಿ ಅದೇ ಪರೀಕ್ಷೆ ಮಾಡಬೇಕು. ಅದಕ್ಕೆ ಬ್ಲಾಂಕ್ ಎನ್ನುತ್ತಾರೆ. ಹಾಲಿನ ಟ್ಯೂಬಿನ ತಳ ನೀಲಿಯಾದರೆ ಮತ್ತೊಮ್ಮೆ ಬೇರೆ ಟ್ಯೂಬಿನಲ್ಲಿ ಮಾಡಬೇಕು. ಹಂಸಾ ಮಾರ್ಚಿನ ರಿಜಿಸ್ಟರು ತೆರೆದಳು. ಆ ದಿನದ ಸಾಲಿನಲ್ಲಿ ‘ಬ್ಲಾಂಕ್: ತಳದಲ್ಲಿ ಬಣ್ಣವಿಲ್ಲ’, ‘ಮರುಪರೀಕ್ಷೆ: ಅದೇ ಫಲಿತಾಂಶ’ ಎಂದು ದುಂಡಗೆ ಬರೆದಿತ್ತು. ಅವಳದೇ ಕೈಬರಹ. ಅಂದು ಅವಳು ಬ್ಲಾಂಕೂ ಮಾಡಿರಲಿಲ್ಲ, ಮರುಪರೀಕ್ಷೆಯನ್ನೂ ಮಾಡಿರಲಿಲ್ಲ. ಅರವತ್ತಮೂರು ಸೀಸೆ, ಒಬ್ಬಳೇ, ಮೇಲಿನವರ ಅವಸರ. ಹದಿನೇಳು ವರ್ಷದಲ್ಲಿ ಬ್ಲಾಂಕಿನ ತಳ ಒಂದು ದಿನವೂ ನೀಲಿಯಾಗಿರಲಿಲ್ಲ. ಆಗುವುದಿಲ್ಲ ಎಂದು ಬರೆದುಬಿಟ್ಟಿದ್ದಳು.

ಸೂರ್ಯನಾರಾಯಣ ಎಲ್ಲವನ್ನೂ ಕೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಾಳೆಯಿಂದ ಟ್ಯೂಬೆಲ್ಲ ಆಸಿಡ್ ವಾಶ್. ಆ ಲಿಕ್ವಿಡ್ ಎಸೆದುಬಿಡಿ. ಕಂಪನಿಯವರಿಗೆ ‘ಸಾಗಣೆಯಲ್ಲಿ ಸ್ಯಾಂಪಲ್ ಬದಲಾಗಿರುವ ಸಾಧ್ಯತೆ’ ಅಂತ ಬರೆಯೋಣ. ಅವರಿಗೂ ಇದನ್ನ ಬೆಳೆಸೋದು ಬೇಡ.”

“ಇನ್ನೊಂದು ಸ್ಯಾಂಪಲ್, ಸರ್?”

“ಯಾವುದು?”

“ಅದೇ ದಿನದ್ದು. ಕಕ್ರೋಲಾದ ಡೇರಿಯದ್ದು.”

“ಅವನು ಅಪೀಲು ಹೋಗಿಲ್ವಲ್ಲಮ್ಮ. ಹೋಗದೆ ಇರೋನ ಹಾಲಿನ ಬಗ್ಗೆ ನಮ್ಮನ್ನ ಯಾರು ಕೇಳ್ತಾರೆ?”

“ಯಾರೂ ಕೇಳಲ್ಲ. ನಾವೇ ಹೇಳಬೇಕು.”

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ, ಮಗಳಿಗೆ ಹೇಳುವಂತೆ ಹೇಳಿದರು: “ರಿಜಿಸ್ಟರಿನಲ್ಲಿ ಬ್ಲಾಂಕ್ ಮಾಡಿದೀನಿ ಅಂತ ಬರೆದೋಳು ನೀನು. ಅದನ್ನ ಹೇಳದೆ ಇದನ್ನ ಹೇಳಕ್ಕಾಗಲ್ಲ. ಹೇಳಿದರೆ ನಿನ್ನ ಲೈಸೆನ್ಸ್ ಹೋಗುತ್ತೆ, ಈ ಲ್ಯಾಬಿನ ಮಾನ್ಯತೆ ಹೋಗುತ್ತೆ, ಎಂಬತ್ತು ಜನ ಬೀದಿಗೆ ಬೀಳ್ತಾರೆ. ಅವನ ಅಪೀಲಿನ ಅವಧಿ ಮುಗಿದಿದೆ. ಎತ್ತಿಟ್ಟ ಸೀಸೆ ಕೂಡ ಇಷ್ಟು ಹೊತ್ತಿಗೆ ಚೆಲ್ಲಿರ್ತಾರೆ. ಯಾವುದನ್ನ ಪರೀಕ್ಷೆ ಮಾಡಿ ಅವನನ್ನ ಬಿಡಿಸ್ತೀಯ?”

ಹಂಸಾ ಬಾಗಿಲು ತೆಗೆದು ಹೊರಗೆ ಬಂದಳು.

ಶನಿವಾರ ಅವಳು ಇ-ರಿಕ್ಷಾ ಹಿಡಿದು ಕಕ್ರೋಲಾಕ್ಕೆ ಹೋದಳು. ಮನೆಯಿಂದ ಹತ್ತು ನಿಮಿಷದ ದಾರಿ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಓಣಿಯ ಉದ್ದಕ್ಕೂ ಸಗಣಿ, ಹುಲ್ಲು, ಎಮ್ಮೆಗಳ ಬಿಸಿ ಉಸಿರು. ಛತ್ತರ್‌ಪಾಲನ ಕೊಟ್ಟಿಗೆ ಮಾತ್ರ ಒಣಗಿತ್ತು. ಹದಿನಾಲ್ಕು ಗೂಟ ಸಾಲಾಗಿ ನಿಂತಿದ್ದವು, ಒಂದಕ್ಕೂ ಹಗ್ಗವಿರಲಿಲ್ಲ. ನೆರಳಿನಲ್ಲಿ ಹಗ್ಗ ಹೆಣೆದ ಮಂಚದ, ಚಾರ್‌ಪಾಯಿಯ ಮೇಲೆ ಅವನ ತಾಯಿ ಮಲಗಿದ್ದಳು. ಎಂಬತ್ತು ದಾಟಿದ ಮುದುಕಿ, ಮುಖ ಗೋಡೆಯ ಕಡೆಗೆ.

ಛತ್ತರ್‌ಪಾಲ್ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ಗುರುಗ್ರಾಮದ ಯಾವುದೋ ಸೊಸೈಟಿಯಲ್ಲಿ ಈಗ ಗಾರ್ಡು ಕೆಲಸ ಮಾಡುತ್ತಿದ್ದನಂತೆ. ಮೈಮೇಲೆ ಆ ನೀಲಿ ಅಂಗಿಯೇ ಇತ್ತು. ಮೀಸೆ ಬೋಳಿಸಿದ್ದ. ಕಂಪನಿಯ ನಿಯಮವಂತೆ.

“ಎಮ್ಮೆಗಳು?” ಎಂದಳು, ಏನೋ ಒಂದು ಕೇಳಬೇಕಲ್ಲ ಎಂದು.

“ಮಾರಿದೆ. ಹಾಲು ಕೊಳ್ಳುವವರಿಲ್ಲದ ಮೇಲೆ ಏನು ಮಾಡಲಿ? ಈ ಓಣಿಯಲ್ಲೂ ಯಾರೂ ತೆಗೆದುಕೊಳ್ಳಲಿಲ್ಲ.”

“ಬಿಜೇಂದರ್ ಎಲ್ಲಿ?”

ಚಾರ್‌ಪಾಯಿಯ ಮೇಲೆ ಮುದುಕಿ ಹೊರಳಿದಳು. ಛತ್ತರ್‌ಪಾಲ್ ಅತ್ತ ನೋಡಿ, ಗೂಟವೊಂದಕ್ಕೆ ಒರಗಿ ಕೂತ. ದನಿ ತಗ್ಗಿಸಿ ಹೇಳತೊಡಗಿದ. ಆ ದಿನ ಗೇಟಿನ ಬಳಿಯಿಂದ ನೇರವಾಗಿ ಮನೆಗೆ ಬಂದನಂತೆ. ಕ್ಯಾನು ತುಂಬುವವನು ಬಿಜೇಂದರ್ ಒಬ್ಬನೇ. ಅವನು ಆ ತಿಂಗಳು ಹೊಸ ಫೋನು ತೆಗೆದುಕೊಂಡಿದ್ದ. ಎಲ್ಲಿಂದ ಬಂತು ಎಂದರೆ ಸರಿಯಾಗಿ ಹೇಳಲಿಲ್ಲ. ಅರ್ಧ ಹಾಲು ಬೇರೆಲ್ಲೋ ಮಾರಿ, ಉಳಿದ ಅರ್ಧಕ್ಕೆ ಪುಡಿ ಬೆರೆಸಿ ತರುತ್ತಿದ್ದಾನೆ ಎಂದು ಇವನಿಗೆ ಖಾತ್ರಿಯಾಯಿತು. ತಮ್ಮ ಗಂಗೆಯ ಮೇಲೆ ಆಣೆ ಮಾಡಿದ, ಕರುವಿನ ತಲೆ ಮುಟ್ಟಿ ಆಣೆ ಮಾಡಿದ.

“ಓಣಿಯವರೆಲ್ಲ ನಿಂತು ನೋಡುತ್ತಿದ್ದರು ಬೆಹೆನ್‌ಜೀ. ಕಾಲಿನ ಚಪ್ಪಲಿ ತೆಗೆದು ಹೊಡೆದೆ. ನಾನೇ ಸಾಕಿದ ತಮ್ಮ. ಅಪ್ಪ ಸತ್ತಾಗ ಅವನಿಗೆ ಆರು ವರ್ಷ. ‘ಲ್ಯಾಬಿನಲ್ಲಿ ತಪ್ಪಾಗಲ್ಲವಂತೆ, ಮೇಡಂ ಹೇಳಿದರು’ ಅಂದೆ. ಆಮೇಲೆ ಅವನು ಒಂದು ಮಾತೂ ಆಡಲಿಲ್ಲ. ಫೋನನ್ನು ಆ ಕಲ್ಲಿನ ಮೇಲಿಟ್ಟು ನಡೆದುಬಿಟ್ಟ. ಎರಡು ತಿಂಗಳಾಯಿತು. ಅವನ ಹೆಂಡತಿ ತವರಿಗೆ ಹೋದಳು. ಹರಿದ್ವಾರದಲ್ಲಿ ನೋಡಿದೆ ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಪೊಲೀಸರು ಫೋಟೋ ಇಸಿದುಕೊಂಡಿದ್ದಾರೆ.”

ಹಂಸಾಳಿಗೆ ಎದ್ದು ಓಡಿಹೋಗಬೇಕೆನಿಸಿತು. ಓಡಲಿಲ್ಲ. ಕುರ್ಚಿಯ ಕೈ ಬಿಗಿಯಾಗಿ ಹಿಡಿದು, ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದಳು. ಆ ಪರೀಕ್ಷೆ ಮಾಡಿದವಳು ತಾನು. ಸಹಿ ತನ್ನದು. ಸೋಪು ಇದ್ದದ್ದು ಹಾಲಿನಲ್ಲಲ್ಲ, ತಮ್ಮ ಟ್ಯೂಬಿನಲ್ಲಿ. ಮಾಡಬೇಕಾದ ಇನ್ನೊಂದು ಪರೀಕ್ಷೆಯನ್ನು ಮಾಡದೆ ಮಾಡಿದೆನೆಂದು ಬರೆದವಳೂ ತಾನೇ. ನಿಮ್ಮ ತಮ್ಮ ಏನೂ ಮಾಡಿಲ್ಲ.

ಅವನು ಕೂಗುತ್ತಾನೆ, ಹೊಡೆಯಲೂಬಹುದು ಎಂದು ಅವಳು ಕಾಯುತ್ತಿದ್ದಳು. ಒಣಗಿದ ತೊಟ್ಟಿಯ ಮೇಲೆ ಒಂದು ಕಾಗೆ ಬಂದು ಕೂತು, ಏನೂ ಸಿಗದೆ ಹಾರಿಹೋಯಿತು.

“ಇಲ್ಲ,” ಎಂದ ಕೊನೆಗೆ.

“ಭಯ್ಯಾ, ನಾನು ಬರೆದುಕೊಡ್ತೀನಿ. ಇಲಾಖೆಗೂ ಬರೀತೀನಿ...”

“ಇಲ್ಲ. ನಿಮ್ಮನ್ನ ಅವನೇ ಕಳಿಸಿರಬೇಕು. ಇಲ್ಲವೇ ನಿಮಗೆ ಕನಿಕರ ಬಂದು ಹೇಳುತ್ತಿದ್ದೀರಿ.” ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. “ಸೋಪು ಹಾಲಿನಲ್ಲೇ ಇತ್ತು. ಕಾಗದದಲ್ಲಿ ಬರೆದಿದೆ. ಸರ್ಕಾರದ ಮೊಹರಿದೆ. ನೀವೇ ಹೇಳಿದಿರಿ ತಪ್ಪಾಗಲ್ಲ ಅಂತ. ಅವನು ಹಾಕಿದ್ದ, ಅದಕ್ಕೇ ಹೊಡೆದೆ. ಹಾಕಿರದಿದ್ದರೆ...” ಎದ್ದು ಎರಡೂ ಕೈ ಜೋಡಿಸಿದ. “ಬೆಹೆನ್‌ಜೀ, ನನ್ನ ಎಮ್ಮೆ ಹೋಯಿತು, ಹೋಗಲಿ. ಇದೊಂದು ಮಾತು ನನ್ನ ಹತ್ತಿರ ಇರಲಿ. ಇದನ್ನೂ ಕಿತ್ತುಕೊಳ್ಳಬೇಡಿ. ಇನ್ನು ಈ ಕಡೆ ಬರಬೇಡಿ.”

ಇ-ರಿಕ್ಷಾ ಸಿಗುವವರೆಗೂ ಅವಳು ಬಿಸಿಲಿನಲ್ಲಿ ನಡೆದಳು.

ಸೋಮವಾರ ರಜೆ ಹಾಕಿ, ಊಟದ ಮೇಜಿನ ಮುಂದೆ ಕೂತು, ಇಲಾಖೆಗೆ ಮೂರು ಪುಟದ ಪತ್ರ ಬರೆದಳು. ನಾಲ್ಕು ಟ್ಯೂಬುಗಳ ಗೆರೆಗಳನ್ನು ಮುದ್ರಿಸಿ ಲಗತ್ತಿಸಿದಳು. ರಿಜಿಸ್ಟರಿನ ಸುಳ್ಳನ್ನೂ ಮುಚ್ಚಿಡಲಿಲ್ಲ. ಮರುದಿನ ಅದರ ಒಂದು ಪ್ರತಿಯನ್ನು ಸೂರ್ಯನಾರಾಯಣರ ಮೇಜಿನ ಮೇಲಿಟ್ಟಳು. ಅವರು ಓದಿ, “ನನ್ನನ್ನಾದರೂ ಒಂದು ಮಾತು ಕೇಳಬಹುದಾಗಿತ್ತು,” ಎಂದರು. ಅದಾದ ಮೇಲೆ ಅವರಿಬ್ಬರ ನಡುವೆ ಕನ್ನಡ ನಿಂತುಹೋಯಿತು. ಒಂದು ವಾರದೊಳಗೆ, ದಾಖಲೆ ತಿದ್ದಿದ ಆರೋಪದ ಮೇಲೆ ಅವಳನ್ನು ಕೆಲಸದಿಂದ ತೆಗೆದದ್ದಾಗಿ ಇಂಗ್ಲಿಷಿನಲ್ಲಿ ಪತ್ರ ಬಂತು. ಪ್ರಯೋಗಾಲಯಕ್ಕೆ ಒಂದು ಎಚ್ಚರಿಕೆ ಸಿಕ್ಕಿತಂತೆ, ಅಷ್ಟೇ. ಎಂಬತ್ತು ಜನ ಬೀದಿಗೆ ಬೀಳಲಿಲ್ಲ. ಬಿದ್ದವಳು ಒಬ್ಬಳೇ.

ಸೊಸೈಟಿಯ ಗುಂಪಿನಲ್ಲೂ ಅವಳು ಬರೆದಳು: ಛತ್ತರ್‌ಪಾಲನ ಹಾಲಿನಲ್ಲಿ ಸೋಪಿರಲಿಲ್ಲ, ತಪ್ಪು ನನ್ನದು. ಹನ್ನೊಂದು ಜನ ಕೈಮುಗಿದ ಚಿತ್ರ ಕಳಿಸಿದರು. ಒಬ್ಬರು ‘ಏನೇ ಇರಲಿ, ಡೇರಿ ಗಲೀಜು’ ಎಂದರು. ಅದರ ಕೆಳಗೆ ಯಾರೋ ಪಾರ್ಕಿಂಗಿನಲ್ಲಿ ಬಿಳಿ ಕಾರು ಅಡ್ಡ ನಿಂತಿದೆ ಎಂದು ಬರೆದರು, ಮಾತು ಅತ್ತ ಹೋಯಿತು. ಲೀಲಮ್ಮ ಲಿಫ್ಟಿನಲ್ಲಿ ಸಿಕ್ಕಾಗ ನೆಲ ನೋಡಿದರು.

ಮಹಂತೇಶ್ ಮೊದಮೊದಲು ಸಮಾಧಾನ ಹೇಳಿದ. ಆಗಸ್ಟಿನ ಒಂದು ಸಂಜೆ ಮಾತ್ರ ಅವನ ತಾಳ್ಮೆ ತಪ್ಪಿತು.

“ನೀನು ಸತ್ಯ ಹೇಳಿದ್ದರಿಂದ ಒಂದು ಎಮ್ಮೆಯಾದರೂ ವಾಪಸ್ ಬಂತಾ ಹಂಸಾ? ಆ ಮನುಷ್ಯನೇ ಬೇಡ ಅಂದ. ಯಾರಿಗೋಸ್ಕರ ಬರೆದೆ ನೀನು?”

“ಗೊತ್ತಿಲ್ಲ,” ಎಂದಳು. ನಿಜವಾಗಿಯೂ ಗೊತ್ತಿರಲಿಲ್ಲ. ಪ್ರಕೃತಿ ಇಬ್ಬರ ಮುಖವನ್ನೂ ನೋಡಿ, ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋದಳು.

ಬೇರೆ ಲ್ಯಾಬುಗಳಿಗೆ ಅರ್ಜಿ ಹಾಕಿದ್ದಳು. ಯಾರೂ ಕರೆಯಲಿಲ್ಲ. ಹಗಲೆಲ್ಲ ಮನೆಯಲ್ಲಿದ್ದು ಪಾತ್ರೆ ತೊಳೆಯುವಾಗ ಒಂದೊಂದು ಲೋಟವನ್ನೂ ಐದಾರು ಸಲ ಜಾಲಿಸುವುದು ರೂಢಿಯಾಯಿತು. ನೀರು ಬರುವುದೇ ದಿನಕ್ಕೆ ಎರಡು ಹೊತ್ತು, ಹೀಗೆ ಸುರಿದರೆ ಹೇಗೆ ಎಂದು ಕೆಲಸದವಳು ಗೊಣಗಿದಳು.

ಸೆಪ್ಟೆಂಬರಿನಲ್ಲಿ ಇಲಾಖೆಯ ಉತ್ತರ ಬಂತು. ಪ್ರಕರಣ ಈಗಾಗಲೇ ತೀರ್ಮಾನವಾಗಿದೆ. ಅಪೀಲಿನ ಅವಧಿಯಲ್ಲಿ ಆಕ್ಷೇಪಣೆ ಬಂದಿಲ್ಲ. ಮರುಪರೀಕ್ಷೆಗೆ ಸ್ಯಾಂಪಲ್ ಲಭ್ಯವಿಲ್ಲ. ತಮ್ಮ ಪತ್ರವನ್ನು ಕಡತಕ್ಕೆ ಸೇರಿಸಲಾಗಿದೆ. ನಾಲ್ಕು ಸಾಲು, ಹಿಂದಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ.

ಬರಬೇಡಿ ಎಂದಿದ್ದ ಮನೆಗೆ ಅವಳು ಮತ್ತೆ ಹೋದಳು. ಯಾಕೆ ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ತನ್ನ ಪತ್ರದ ಪ್ರತಿ ಅಲ್ಲಿರಲಿ, ಎಂದಾದರೂ ಒಂದು ದಿನ ಆ ತಮ್ಮ ಬಂದರೆ ಅವನ ಕೈಗೆ ಸಿಗಲಿ ಎಂಬಂಥದ್ದೇನೋ ಮನಸ್ಸಿನಲ್ಲಿತ್ತು. ಛತ್ತರ್‌ಪಾಲ್ ಡ್ಯೂಟಿಗೆ ಹೋಗಿದ್ದ. ಕೊಟ್ಟಿಗೆಯನ್ನು ಯಾರಿಗೋ ಬಾಡಿಗೆಗೆ ಕೊಟ್ಟಿದ್ದರು. ಗೂಟಗಳ ನಡುವೆ ಹಳೆಯ ಫ್ರಿಜ್ಜುಗಳು ಸಾಲಾಗಿ ನಿಂತಿದ್ದವು. ಮುದುಕಿ ಅದೇ ಚಾರ್‌ಪಾಯಿಯ ಮೇಲೆ, ಈ ಸಲ ಎದ್ದು ಕೂತಿದ್ದಳು. ಮೊದಲಿಗಿಂತ ಅರ್ಧವಾಗಿದ್ದಳು.

ಹಂಸಾ ಬಾಗಿ ಲಕೋಟೆ ಕೊಟ್ಟಳು. “ಅಮ್ಮಾಜೀ, ಇದನ್ನ ಮನೆಯಲ್ಲಿಡಿ. ಇದರಲ್ಲಿ ಬಿಜೇಂದರನ ವಿಷಯ ಬರೆದಿದೆ.”

ಮುದುಕಿಯ ಕೈ ಥಟ್ಟನೆ ಮುಂದೆ ಬಂತು. ಲಕೋಟೆ ಹರಿದು, ಕಾಗದಗಳನ್ನು ಬಿಡಿಸಿ, ಕಣ್ಣಿನ ಹತ್ತಿರಕ್ಕೆ ತಂದು ನೋಡಿದಳು. ಓದು ಬಾರದು. ಒಂದು ಪುಟದ ಮೇಲೆ ಆ ನಾಲ್ಕು ಗೆರೆಗಳು ಏರಿ ಇಳಿದಿದ್ದವು. ಅವುಗಳ ಮೇಲೆ ಬೆರಳಾಡಿಸಿದಳು.

“ಇದು ದಾರಿಯೇನು?” ಎಂದಳು. “ಎಲ್ಲಿದ್ದಾನೆ ಅಂತ ಬರೆದಿದೆಯೇ?”

“ಇಲ್ಲ ಅಮ್ಮಾಜೀ. ಅವನ ತಪ್ಪಿಲ್ಲ ಅಂತ ಬರೆದಿದೆ.”

“ಅದು ನನಗೆ ಗೊತ್ತು,” ಎಂದಳು ಮುದುಕಿ. “ನಾನು ಹೆತ್ತವಳು. ಎಲ್ಲಿದ್ದಾನೆ ಅಂತ ಬರೆದಿಲ್ಲವೇ?”

ಹಂಸಾ ಇಲ್ಲವೆಂದು ತಲೆಯಾಡಿಸಿದಳು. ಮುದುಕಿ ಕಾಗದಗಳನ್ನು ಒಂದೊಂದಾಗಿ ಮತ್ತೆ ಮಡಿಸಿ, ಹರಿದ ಲಕೋಟೆಗೆ ಸೇರಿಸಿ, ಅವಳ ಕೈಗೇ ವಾಪಸು ಕೊಟ್ಟಳು. ಆಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿಕೊಂಡಳು.